‘ಮೊದಲ ಮಹಿಳೆ’ ಯಾರು ಅಂದರೆ ಎರಡೆರಡು ಉತ್ತರ ಯಾಕೆ?

ಪ್ರಶ್ನೆ: ನನ್ನ ಮಗಳು ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ‘ಸಮಾಜಸೇವೆ ಮತ್ತು ಸಾರ್ವಜನಿಕ ಹುದ್ದೆಯಲ್ಲಿ ಭಾರತದ ಮೊದಲಿಗರು’ ಎಂಬ ವಿಷಯಕ್ಕೆ ಐದು ನಿಮಿಷದ ಭಾಷಣ ಕೊಟ್ಟಿದ್ದಾರೆ. ಸಾಮಾನ್ಯ ಜ್ಞಾನದ ಒಂದು ಪುಸ್ತಕದಲ್ಲಿ ಮೊದಲ ಮಹಿಳಾ ಮಂತ್ರಿ ವಿಜಯಲಕ್ಷ್ಮಿ ಪಂಡಿತ್ ಎಂದಿದೆ, ಇನ್ನೊಂದರಲ್ಲಿ ರಾಜಕುಮಾರಿ ಅಮೃತ್ ಕೌರ್. ಮೊದಲ ಶಾಸಕಿ ವಿಷಯದಲ್ಲೂ ಇದೇ ಗೊಂದಲ. ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರ ಹೆಸರು ಸಮಾಜಸೇವಕರ ಪಟ್ಟಿಯಲ್ಲೂ ಇದೆ, ರಾಜಕಾರಣಿಗಳ ಪಟ್ಟಿಯಲ್ಲೂ ಇದೆ. ಇದನ್ನೆಲ್ಲ ನೋಡಿ ನಮ್ಮ ಮಾವನವರು, ‘ಸೇವೆ ಮಾಡುವವರಿಗೆ ಕುರ್ಚಿ ಯಾಕೆ?’ ಅಂತಾರೆ. ಸರಿಯಾದದ್ದು ಯಾವುದು? — ತುಮಕೂರಿನ ಓದುಗರೊಬ್ಬರು

ಉತ್ತರ: ಮೊದಲು ಪುಸ್ತಕಗಳ ಜಗಳ ಬಿಡಿಸೋಣ. ಎರಡೂ ಪುಸ್ತಕ ಸರಿ. ‘ಮೊದಲ’ ಅನ್ನುವ ಮಾತಿನ ಹಿಂದೆ ಒಂದು ‘ಎಲ್ಲಿ’ ಇರುತ್ತದೆ. ಜಾಗ ಸಾಲದೆ ಅದನ್ನು ನುಂಗಿಬಿಡುತ್ತಾರೆ, ಅಷ್ಟೇ.

ವಿಜಯಲಕ್ಷ್ಮಿ ಪಂಡಿತ್ 1937ರಲ್ಲಿ ಸಂಯುಕ್ತ ಪ್ರಾಂತ್ಯದಲ್ಲಿ ಮಂತ್ರಿಯಾದರು. ಅಂದರೆ ಇವತ್ತಿನ ಉತ್ತರ ಪ್ರದೇಶದ ಕಡೆ. ಸ್ಥಳೀಯ ಆಡಳಿತ ಮತ್ತು ಆರೋಗ್ಯ ಅವರ ಖಾತೆ. ಆಗ ದೇಶಕ್ಕೆ ಸ್ವಾತಂತ್ರ್ಯ ಬಂದಿರಲಿಲ್ಲ. ಅಮೃತ್ ಕೌರ್ 1947ರಲ್ಲಿ ಸ್ವತಂತ್ರ ಭಾರತದ ಕೇಂದ್ರ ಸಂಪುಟಕ್ಕೆ ಸೇರಿದರು. ಒಬ್ಬರು ಪ್ರಾಂತ್ಯದಲ್ಲಿ ಮೊದಲಿಗರು, ಇನ್ನೊಬ್ಬರು ಕೇಂದ್ರದಲ್ಲಿ.

ಶಾಸಕಿ ವಿಷಯ ಸ್ವಲ್ಪ ಜಾಸ್ತಿ ಸಿಕ್ಕು. ಮುತ್ತುಲಕ್ಷ್ಮಿ ರೆಡ್ಡಿ ಮದ್ರಾಸ್ ವಿಧಾನ ಪರಿಷತ್ತಿಗೆ ನೇಮಕವಾಗಿ 1927ರ ಹೊತ್ತಿಗೆ ಕೆಲಸ ಶುರು ಮಾಡಿದರು. ಬ್ರಿಟಿಷರ ನೇರ ಆಳ್ವಿಕೆಯ ಪ್ರಾಂತ್ಯಗಳಲ್ಲಿ ಅವರೇ ಮೊದಲು. ಆದರೆ ತಿರುವಾಂಕೂರು ರಾಜರ ಸಂಸ್ಥಾನ. ಅಲ್ಲಿ ಡಾ. ಮೇರಿ ಪುನ್ನೆನ್ ಲೂಕೋಸ್ ಎಂಬ ಇನ್ನೊಬ್ಬ ವೈದ್ಯೆ 1920ರ ದಶಕದ ಆರಂಭದಲ್ಲೇ ಶಾಸನ ಸಭೆಗೆ ನೇಮಕವಾಗಿದ್ದರು. ಇಬ್ಬರೂ ಡಾಕ್ಟರುಗಳು, ಇಬ್ಬರೂ ನೇಮಕವಾದವರು, ಚುನಾವಣೆ ಗೆದ್ದು ಬಂದವರಲ್ಲ. ಹಾಗಾದರೆ ಚುನಾವಣೆಗೆ ನಿಂತವರು? ಅಲ್ಲಿ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಬರುತ್ತಾರೆ. 1926ರಲ್ಲಿ ಮದ್ರಾಸ್ ಪರಿಷತ್ತಿಗೆ ಸ್ಪರ್ಧಿಸಿ ತೀರಾ ಕಡಿಮೆ ಮತಗಳಿಂದ ಸೋತರು. ಸೋತವರ ಹೆಸರು ಪಟ್ಟಿಗೆ ಬರುವುದು ಕಡಿಮೆ, ಅಲ್ವಾ? ಇವರ ಹೆಸರು ಬಂದಿದೆ.

ಪರೀಕ್ಷೆಯ ಮಟ್ಟಿಗೆ ಇಷ್ಟು ಸಾಕು. ನಿಮ್ಮ ಮಾವನವರ ಪ್ರಶ್ನೆಯೇ ನನಗೆ ಹೆಚ್ಚು ಹಿಡಿಸಿದ್ದು. ಅದಕ್ಕೆ ಪಟ್ಟಿ ಹಿಡಿದು ಉತ್ತರ ಕೊಡಲು ಆಗುವುದಿಲ್ಲ. ಒಬ್ಬರ ಕತೆಯನ್ನು ನಿಧಾನವಾಗಿ ಹೇಳಬೇಕು. ಮುತ್ತುಲಕ್ಷ್ಮಿ ಅವರದನ್ನೇ ಹೇಳುತ್ತೇನೆ.

ಅವರು ಹುಟ್ಟಿದ್ದು 1886ರಲ್ಲಿ, ಪುದುಕೋಟೆ ಸಂಸ್ಥಾನದಲ್ಲಿ. ತಂದೆ ನಾರಾಯಣಸ್ವಾಮಿ ಅಯ್ಯರ್, ಅಲ್ಲಿನ ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲ್. ತಾಯಿ ಚಂದ್ರಮ್ಮಾಳ್, ದೇವದಾಸಿ ಮನೆತನದಿಂದ ಬಂದವರು. ಆ ಕಾಲದಲ್ಲಿ ಇಂಥ ಮದುವೆ ಊರಿಗೆ ಹಿಡಿಸುವಂಥದ್ದಲ್ಲ. ಮಗಳು ಓದಿನಲ್ಲಿ ಚುರುಕು. ಮೆಟ್ರಿಕ್ ಆಯಿತು, ಮುಂದೆ? ಊರಲ್ಲಿದ್ದದ್ದು ಹುಡುಗರ ಕಾಲೇಜು. ವಿರೋಧ ಬಂತು. ಮಹಾರಾಜರು ವಿಶೇಷ ಅನುಮತಿ ಕೊಟ್ಟ ಮೇಲೆ ಅವರಿಗೆ ಅಲ್ಲಿ ಸೀಟು ಸಿಕ್ಕಿತು. ಆಮೇಲೆ 1907ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜು. 1912ರಲ್ಲಿ ಡಾಕ್ಟರ್ ಆಗಿ ಹೊರಬಂದರು. 1914ರಲ್ಲಿ ಡಾ. ಸುಂದರ ರೆಡ್ಡಿ ಅವರನ್ನು ಮದುವೆಯಾದರು. ತನ್ನ ಕೆಲಸಕ್ಕೆ ಅಡ್ಡ ಬರಬಾರದು, ಸಮಾನವಾಗಿ ನೋಡಬೇಕು ಅಂತ ಷರತ್ತು ಹಾಕಿಯೇ ಒಪ್ಪಿಕೊಂಡರು.

ಇಲ್ಲಿಯವರೆಗೆ ಇದು ಒಬ್ಬ ಜಾಣ ಡಾಕ್ಟರ ಕತೆ. ಒಳ್ಳೆಯ ಪ್ರಾಕ್ಟೀಸ್ ಇತ್ತು. ಸುಮ್ನೆ ಅದನ್ನೇ ನೋಡಿಕೊಂಡು ಇದ್ದಿದ್ದರೂ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ ಹೆರಿಗೆ ಮಾಡಿಸುವ ಡಾಕ್ಟರಿಗೆ ಊರಿನ ಗುಟ್ಟೆಲ್ಲ ಗೊತ್ತಾಗುತ್ತದೆ. ಹದಿಮೂರರ ಬಾಲೆ ಬಸುರಿಯಾಗಿ ಬರುತ್ತಾಳೆ. ಔಷಧಿ ಕೊಡಬಹುದು, ಆದರೆ ಅವಳನ್ನು ಆ ವಯಸ್ಸಿಗೆ ಮದುವೆ ಮಾಡಿಕೊಟ್ಟ ಪದ್ಧತಿಗೆ ಯಾವ ಔಷಧಿ? ತಾಯಿಯ ಕಡೆಯ ಮನೆಗಳಲ್ಲಿ ಕಂಡದ್ದಕ್ಕಂತೂ ಆಸ್ಪತ್ರೆಯಲ್ಲಿ ಮದ್ದೇ ಇರಲಿಲ್ಲ.

ದೇವದಾಸಿ ಪದ್ಧತಿ ಎಂದರೆ ಬರೀ ನಂಬಿಕೆಯ ಮಾತು ಅಂತ ನಾವು ಅಂದುಕೊಳ್ಳುತ್ತೇವೆ. ನಮ್ಮ ಕಡೆ ಮುತ್ತು ಕಟ್ಟುವುದು, ಗೆಜ್ಜೆಪೂಜೆ ಅನ್ನುತ್ತಾರೆ. ತಮಿಳಿನಲ್ಲಿ ಪೊಟ್ಟು ಕಟ್ಟುವುದು. ಆದರೆ ದೊಡ್ಡ ದೇವಸ್ಥಾನಗಳಲ್ಲಿ ಅದರ ಬೇರು ಜಮೀನಿನಲ್ಲಿತ್ತು. ದೇವಸ್ಥಾನದ ಸೇವೆ ಮಾಡುವ ಮನೆಗೆ ಇನಾಮು ಭೂಮಿ ಇರುತ್ತಿತ್ತು. ಸೇವೆ ನಡೆಯುವ ತನಕ ಭೂಮಿ ಅವರದು. ಮುಂದಿನ ತಲೆಮಾರಿನಲ್ಲಿ ಸೇವೆಗೆ ಹೆಣ್ಣುಮಗಳು ಇಲ್ಲ ಅಂದರೆ ಭೂಮಿಯೂ ಕೈಬಿಡುತ್ತದೆ. ಈಗ ಯೋಚಿಸಿ. ವಯಸ್ಸಾದ ತಾಯಿ, ಒಬ್ಬಳೇ ಮಗಳು, ಎರಡು ಎಕರೆ ಗದ್ದೆ. ‘ಮಗಳನ್ನು ದೇವರಿಗೆ ಬಿಡಬೇಡಮ್ಮ’ ಅಂತ ಹೇಳುವುದು ಸುಲಭ. ಊಟಕ್ಕೆ ಏನು ಮಾಡಬೇಕು ಅಂತ ಅವಳು ಕೇಳಿದರೆ?

ನಿಮ್ಮ ಮಾವನವರಿಗೆ ಕೊಡುವ ಉತ್ತರ ಈ ಗದ್ದೆಯಲ್ಲಿದೆ. ಒಬ್ಬ ಹುಡುಗಿಯನ್ನು ಮನೆಗೆ ಕರೆತಂದು ಓದಿಸುವುದು ಸೇವೆ. ಹತ್ತು ಹುಡುಗಿಯರನ್ನು ಓದಿಸಬಹುದು. ಆದರೆ ಇನಾಮು ಜಮೀನಿನ ಷರತ್ತು ಬದಲಾಯಿಸಲು ಸೇವೆಯಿಂದ ಆಗುವುದಿಲ್ಲ. ಅದು ಕಾನೂನಿನ ಪುಸ್ತಕದಲ್ಲಿತ್ತು. ಪುಸ್ತಕ ತಿದ್ದುವ ಮನೆಯೊಳಗೆ ಹೋಗಬೇಕಿತ್ತು.

ಆ ಮನೆಯ ಬಾಗಿಲು ತೆರೆದದ್ದಕ್ಕೂ ಒಂದು ಕತೆ ಇದೆ. 1917ರಲ್ಲಿ ಮದ್ರಾಸಿನ ಅಡ್ಯಾರ್‌ನಲ್ಲಿ ಭಾರತೀಯ ಮಹಿಳಾ ಸಂಘ ಹುಟ್ಟಿತು. ಮಾರ್ಗರೆಟ್ ಕಸಿನ್ಸ್ ಎಂಬ ಐರಿಷ್ ಹೆಣ್ಣುಮಗಳು ಮತ್ತು ಆನಿ ಬೆಸೆಂಟ್ ಅದರ ಹಿಂದಿದ್ದರು. ಅದೇ ವರ್ಷದ ಕೊನೆಗೆ ಸರೋಜಿನಿ ನಾಯ್ಡು ಮುಂದಾಳಾಗಿ ಮಹಿಳೆಯರ ನಿಯೋಗವೊಂದು ಮದ್ರಾಸಿನಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಮಾಂಟೆಗು ಅವರನ್ನು ಕಂಡು ನಮಗೂ ಮತ ಕೊಡಿ ಎಂದು ಕೇಳಿತು. 1921ರಲ್ಲಿ ಮದ್ರಾಸ್ ಪ್ರಾಂತ್ಯ ಹೆಂಗಸರಿಗೆ ಮತದ ಹಕ್ಕು ಕೊಟ್ಟಿತು. ಆಸ್ತಿ ಇದ್ದವರಿಗೆ ಮಾತ್ರ. ಹೆಣ್ಣಿನ ಹೆಸರಲ್ಲಿ ಆಸ್ತಿ ಇರುತ್ತಿದ್ದದ್ದೇ ಅಪರೂಪ, ಆದ್ದರಿಂದ ಮತದಾರರೂ ಬೆರಳೆಣಿಕೆ. ಸಭೆಯಲ್ಲಿ ಕೂರುವ ಹಕ್ಕು ಬಂದದ್ದು 1926ರಲ್ಲಿ. ಆ ವರ್ಷವೇ ಕಮಲಾದೇವಿ ಚುನಾವಣೆಗೆ ನಿಂತರು. ವಯಸ್ಸು 23. ಕಸಿನ್ಸ್ ಒತ್ತಾಯ, ತಯಾರಿಗೆ ಸಮಯ ಕಡಿಮೆ. ಸೋತರು ಅಂತ ಆಗಲೇ ಹೇಳಿದೆ.

ಇಂಗ್ಲೆಂಡಿನಲ್ಲಿ ಹೆಚ್ಚಿನ ತರಬೇತಿಗೆ ಹೋಗಿದ್ದ ಮುತ್ತುಲಕ್ಷ್ಮಿ ವಾಪಸ್ ಬಂದದ್ದೂ ಅದೇ ಹೊತ್ತಿಗೆ. ಮಹಿಳಾ ಸಂಘ ಅವರ ಹೆಸರು ಸೂಚಿಸಿತು, ಸರ್ಕಾರ ನೇಮಿಸಿತು. ಅವರು ಹಿಂದೆ ಮುಂದೆ ನೋಡಿದರು. ರೋಗಿಗಳನ್ನು ಬಿಟ್ಟು ಸಭೆಯಲ್ಲಿ ಕೂರುವುದೇ ಎಂಬ ಅಳುಕು. ಕೊನೆಗೆ ಒಪ್ಪಿದರು. ಹೋದ ಕೂಡಲೇ ಸಭೆ ಅವರನ್ನು ಒಮ್ಮತದಿಂದ ಉಪಾಧ್ಯಕ್ಷೆ ಮಾಡಿತು. ಆಗ ಪ್ರಾಂತ್ಯದ ಮುಖ್ಯಮಂತ್ರಿ ಪಿ. ಸುಬ್ಬರಾಯನ್. ಈ ಹೆಸರು ನೆನಪಿಡಿ, ಇವರ ಮನೆಗೂ ಮಂಗಳೂರಿಗೂ ಒಂದು ನಂಟಿದೆ. ಆಮೇಲೆ ಹೇಳುತ್ತೇನೆ.

ಪರಿಷತ್ತಿನಲ್ಲಿ ಅವರು ಎತ್ತಿದ ವಿಷಯಗಳನ್ನು ನೋಡಿದರೆ ಡಾಕ್ಟರ ಡೈರಿ ಓದಿದ ಹಾಗೆ ಇರುತ್ತದೆ. ಶಾಲೆಯ ಮಕ್ಕಳಿಗೆ ವೈದ್ಯರ ತಪಾಸಣೆ ಬೇಕು. ಮಕ್ಕಳಿಗೆ ಪ್ರತ್ಯೇಕ ಆಸ್ಪತ್ರೆ ಬೇಕು. ಹುಡುಗಿಯರ ಮದುವೆಯ ವಯಸ್ಸು ಏರಬೇಕು. ವೇಶ್ಯಾವಾಟಿಕೆಗೆ ಹೆಣ್ಣುಮಕ್ಕಳನ್ನು ಮಾರುವುದು ನಿಲ್ಲಬೇಕು. ಇದರ ನಡುವೆ 1927ರಲ್ಲಿ ದೇವದಾಸಿ ನಿರ್ಣಯ ಮಂಡಿಸಿದರು. 1929ರಲ್ಲಿ ದೇವಸ್ಥಾನಗಳ ದತ್ತಿ ಕಾಯ್ದೆಗೆ ತಿದ್ದುಪಡಿ ಆಯಿತು. ತಿದ್ದುಪಡಿಯ ಸಾರ ಇಷ್ಟು: ಇನಾಮು ಭೂಮಿ ಇನ್ನು ಸೇವೆಯ ಹಂಗಿನಿಂದ ಬಿಡುಗಡೆ. ಮನೆಯವರು ದೇವಸ್ಥಾನಕ್ಕೆ ಗೊತ್ತಾದ ಒಂದು ಮೊತ್ತ ಕಟ್ಟಿಕೊಂಡು ಹೋದರೆ ಸಾಕು, ಮಗಳನ್ನು ಬಿಡಬೇಕಾಗಿಲ್ಲ.

ನನಗೆ ಕೇಳಿದರೆ ಇದು ಅವರ ಬದುಕಿನ ಅತಿ ಜಾಣತನದ ಕೆಲಸ. ಯಾರನ್ನೂ ಜೈಲಿಗೆ ಹಾಕಲಿಲ್ಲ. ತಾಯಿ ಮಗಳನ್ನು ಬಿಡಲು ಇದ್ದ ಕಾರಣವನ್ನೇ ತೆಗೆದುಬಿಟ್ಟರು. ಬೀಗ ಒಡೆಯುವುದಕ್ಕಿಂತ ಕೀಲಿ ಹುಡುಕುವುದು ಅಂದರೆ ಹೀಗೆ. ಪೂರ್ತಿ ನಿಷೇಧದ ಕಾಯ್ದೆ ಮದ್ರಾಸಿನಲ್ಲಿ ಬಂದದ್ದು 1947ರಲ್ಲಿ, ಅಂದರೆ ಮೊದಲ ನಿರ್ಣಯವಾಗಿ 20 ವರ್ಷದ ಮೇಲೆ. ನಮ್ಮ ಮೈಸೂರು ಸಂಸ್ಥಾನ 1909ರಲ್ಲೇ ಸರ್ಕಾರದ ಕೈಯಲ್ಲಿದ್ದ ದೇವಸ್ಥಾನಗಳಲ್ಲಿ ಇದನ್ನು ನಿಲ್ಲಿಸಿತ್ತು ಎಂದು ಕೆಲವರು ಹೆಮ್ಮೆ ಪಡುತ್ತಾರೆ. ನಿಜವೇ. ಆದರೆ ಬೆಳಗಾವಿ ಕಡೆಯ ಯಲ್ಲಮ್ಮನ ಗುಡ್ಡದ ಸುತ್ತ ಮುತ್ತು ಕಟ್ಟುವುದು ನಡೆದೇ ಇತ್ತು. ಕರ್ನಾಟಕ ತನ್ನದೇ ನಿಷೇಧ ಕಾಯ್ದೆ ಮಾಡಲು 1982ರ ತನಕ ಕಾಯಬೇಕಾಯಿತು.

ಇನ್ನೊಂದು ಮಾತನ್ನು ಬಿಟ್ಟರೆ ಕತೆ ಏಕಪಕ್ಷೀಯ ಆಗುತ್ತದೆ. ಮುತ್ತುಲಕ್ಷ್ಮಿ ಅವರನ್ನು ವಿರೋಧಿಸಿದವರು ಬರೀ ಹಳೇ ಕಾಲದ ಗಂಡಸರಲ್ಲ. ದೇವದಾಸಿ ಮಹಿಳೆಯರೇ ಸಂಘ ಕಟ್ಟಿಕೊಂಡು ಮನವಿ ಕೊಟ್ಟರು. ಅವರ ಪರವಾಗಿ ಗಟ್ಟಿಯಾಗಿ ನಿಂತವರು ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ. ದೊಡ್ಡ ಗಾಯಕಿ, ಸಂಸ್ಕೃತ ಬಲ್ಲವರು. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು, ಅದೂ ಸ್ವಂತ ದುಡ್ಡಿನಲ್ಲಿ. ಅವರ ವಾದ ತಳ್ಳಿಹಾಕುವಂಥದ್ದಲ್ಲ. ಕಲೆಯಿಂದ ಬದುಕಿ, ಸ್ವಂತ ಆಸ್ತಿ ಮಾಡಿ, ಓದು ಬರಹ ಕಲಿತ ಹೆಂಗಸರಿದ್ದಾರೆ, ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಿ ಬೀದಿಯ ಹೆಸರು ಕೊಡಬೇಡಿ ಎನ್ನುವುದು. ಮುತ್ತುಲಕ್ಷ್ಮಿ ಆಸ್ಪತ್ರೆಯ ಮಂಚದ ಪಕ್ಕದಿಂದ ನೋಡಿದರು, ನಾಗರತ್ನಮ್ಮ ಸಂಗೀತ ಕಚೇರಿಯ ವೇದಿಕೆಯಿಂದ ನೋಡಿದರು. ನಾನು ಮುತ್ತುಲಕ್ಷ್ಮಿ ಅವರ ಕಡೆಗೇ ವಾಲುತ್ತೇನೆ, ಯಾಕೆಂದರೆ ಆರೇಳು ವರ್ಷದ ಕೂಸಿಗೆ ಆಯ್ಕೆ ಅನ್ನುವುದೇ ಇರಲಿಲ್ಲ. ಆದರೆ ನಾಗರತ್ನಮ್ಮ ಹೆದರಿದ್ದು ಸುಳ್ಳಾಗಲಿಲ್ಲ. ಪದ್ಧತಿ ಹೋಯಿತು, ಹಾಡು ಕುಣಿತ ಬೇರೆ ಮನೆಗಳಿಗೆ ಹೋಗಿ ಗೌರವ ಪಡೆಯಿತು, ಅದನ್ನು ಕಾಪಾಡಿಕೊಂಡು ಬಂದಿದ್ದ ಮನೆಗಳಿಗೆ ಕೆಟ್ಟ ಹೆಸರು ಉಳಿಯಿತು.

1930ರಲ್ಲಿ ಉಪ್ಪಿನ ಸತ್ಯಾಗ್ರಹ. ಗಾಂಧೀಜಿ ಬಂಧನವಾಯಿತು. ಮುತ್ತುಲಕ್ಷ್ಮಿ ರಾಜೀನಾಮೆ ಬರೆದು ಹೊರಬಂದರು. ಪರಿಷತ್ತಿನಲ್ಲಿ ಇದ್ದದ್ದು ಸುಮಾರು ಮೂರೂವರೆ ವರ್ಷ. ಕುರ್ಚಿಗೆ ಅಂಟಿಕೊಂಡರು ಎಂದು ಯಾರೂ ಹೇಳುವಂತಿಲ್ಲ.

ಹೊರಗೆ ಬಂದ ಮೇಲೆ ಏನು ಮಾಡಿದರು? ದೇವದಾಸಿ ಮನೆಗಳಿಂದ ತಪ್ಪಿಸಿಕೊಂಡು ಬಂದ ಹುಡುಗಿಯರು ಅವರ ಮನೆ ಬಾಗಿಲಿಗೆ ಬಂದರು. ಊರಿನ ಹಾಸ್ಟೆಲುಗಳು ಆ ಹುಡುಗಿಯರನ್ನು ಸೇರಿಸಿಕೊಳ್ಳಲಿಲ್ಲ. ಡಾಕ್ಟರಮ್ಮ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಅದೇ ಮುಂದೆ ಅವ್ವೈ ಹೋಮ್ ಆಯಿತು. ತಮಿಳಿನ ಹಳೆಯ ಕವಯಿತ್ರಿ ಅವ್ವೈಯಾರ್ ಹೆಸರು. ಅಡ್ಯಾರ್‌ನಲ್ಲಿ ಇವತ್ತಿಗೂ ಇದೆ.

ಇನ್ನೂ ಒಂದು ಕೆಲಸ ಬಾಕಿ ಇತ್ತು. ಅವರ ತಂಗಿ ಕ್ಯಾನ್ಸರ್‌ನಿಂದ 1920ರ ದಶಕದಲ್ಲಿ ತೀರಿಕೊಂಡಿದ್ದರು. ಡಾಕ್ಟರ್ ಆಗಿದ್ದರೂ ಉಳಿಸಿಕೊಳ್ಳಲು ಆಗಲಿಲ್ಲ ಎಂಬ ನೋವು. ಕ್ಯಾನ್ಸರ್‌ಗೇ ಅಂತ ಒಂದು ಆಸ್ಪತ್ರೆ ಬೇಕು ಅಂತ 1930ರ ದಶಕದಿಂದ ಹೇಳುತ್ತಲೇ ಬಂದರು. ಹೇಗಿದ್ದರೂ ಸಾಯುವ ರೋಗ, ಅದಕ್ಕೆ ಯಾಕೆ ಖರ್ಚು ಎನ್ನುವ ಭಾವನೆ ಆಗ ಸರ್ಕಾರಿ ಕಚೇರಿಗಳಲ್ಲೂ ಇತ್ತು. ಕೊನೆಗೆ ಮಹಿಳಾ ಸಂಘದ ಮೂಲಕ ನಿಧಿ ಕೂಡಿಸಿದರು. 1952ರಲ್ಲಿ ನೆಹರೂ ಅಡಿಗಲ್ಲು ಹಾಕಿದರು. 1954ರಲ್ಲಿ ಅಡ್ಯಾರ್‌ನಲ್ಲಿ ಕ್ಯಾನ್ಸರ್ ಇನ್ಸ್ಟಿಟ್ಯೂಟ್ ಶುರುವಾಯಿತು. ಆಗ ಇದ್ದದ್ದು 12 ಹಾಸಿಗೆ. ಮುತ್ತುಲಕ್ಷ್ಮಿ ಅವರಿಗೆ ಆಗ 68 ವರ್ಷ. ಅವರ ಮಗ ಡಾ. ಕೃಷ್ಣಮೂರ್ತಿ ಮತ್ತು ಡಾ. ವಿ. ಶಾಂತಾ ಅದನ್ನು ಬೆಳೆಸಿದರು. ಕರ್ನಾಟಕದ ಎಷ್ಟೋ ಬಡ ರೋಗಿಗಳು ಕಿದ್ವಾಯಿಗೆ ಹೋಗುವ ಹಾಗೆ ತಮಿಳು ನಾಡಿನವರಿಗೆ ಅಡ್ಯಾರ್. ಮುತ್ತುಲಕ್ಷ್ಮಿ ಅವರ ಹೆಸರಿನಲ್ಲಿ ಅಲ್ಲಿನ ಸರ್ಕಾರ ಬಸುರಿ ಬಾಣಂತಿಯರಿಗೆ ಹಣ ಕೊಡುವ ಯೋಜನೆ ನಡೆಸುತ್ತದೆ. 1968ರಲ್ಲಿ ಅವರು ತೀರಿಕೊಂಡರು.

ಈಗ ಸುಬ್ಬರಾಯನ್ ವಿಷಯಕ್ಕೆ ಬರುತ್ತೇನೆ.

ಮಂಗಳೂರಿಗೆ ಹೋದವರು ಪುರಭವನ ನೋಡಿರುತ್ತೀರಿ. ಅದಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ರಂಗರಾಯರು ವಕೀಲರು, ಸಾರಸ್ವತ ಬ್ರಾಹ್ಮಣರು. 1890ರ ದಶಕದಲ್ಲೇ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಜಾತಿಯವರು ಬಹಿಷ್ಕಾರ ಹಾಕಿದರು. ಇವರು ಬಿಡಲಿಲ್ಲ. ಶಾಲೆ, ಹಾಸ್ಟೆಲು, ಕೈಕಸುಬು, ಮನೆ ಕಟ್ಟಲು ಜಾಗ ಅಂತ ಕೆಲಸ ಬೆಳೆಸಿದರು. 1928ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ದಲಿತರೇ ಅಂತ್ಯಕ್ರಿಯೆ ಮಾಡಿದರು. ಅವರ ಮಗಳು ರಾಧಾಬಾಯಿ. ಜಾತಿ ಬಿಟ್ಟು, ಭಾಷೆ ಬಿಟ್ಟು ಕುಮಾರಮಂಗಲಂನ ಜಮೀನ್ದಾರ ಸುಬ್ಬರಾಯನ್ ಅವರನ್ನು ಮದುವೆಯಾದರು. ಹೌದು, ಅದೇ ಸುಬ್ಬರಾಯನ್.

ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿಗೆ 1930ರಲ್ಲಿ ಭಾರತದಿಂದ ಹೋದ ಮಹಿಳೆಯರು ಇಬ್ಬರೇ. ಒಬ್ಬರು ಬೇಗಂ ಜಹಾನಾರಾ ಶಾ ನವಾಜ್, ಇನ್ನೊಬ್ಬರು ಈ ರಾಧಾಬಾಯಿ ಸುಬ್ಬರಾಯನ್. ಅಲ್ಲಿ ಅವರು ಶಾಸನ ಸಭೆಗಳಲ್ಲಿ ಮಹಿಳೆಯರಿಗೆ ಮೀಸಲು ಸ್ಥಾನ ಬೇಕು ಎಂದು ಕೇಳಿದರು. ಇದಕ್ಕೆ ಮಹಿಳಾ ಸಂಘಟನೆಗಳಿಂದಲೇ ವಿರೋಧ ಬಂತು. ನಮಗೆ ರಿಯಾಯಿತಿ ಬೇಡ, ಎಲ್ಲ ವಯಸ್ಕರಿಗೂ ಮತ ಕೊಡಿ ಅಷ್ಟೇ ಸಾಕು ಎಂದು ಸಂಘಟನೆಗಳು ಹೇಳಿದವು. ಮುತ್ತುಲಕ್ಷ್ಮಿ ಆ ಕಡೆ ಇದ್ದರು, ರಾಧಾಬಾಯಿ ಈ ಕಡೆ. ಮೂರನೇ ಒಂದು ಭಾಗ ಮೀಸಲು ಕೊಡುವ ಸಂವಿಧಾನ ತಿದ್ದುಪಡಿ ಆದದ್ದು 2023ರಲ್ಲಿ. 93 ವರ್ಷ ಹಳೆಯ ಚರ್ಚೆ ಇದು. ಸಂಸತ್ತಿನಲ್ಲಿ ಈ ತಿದ್ದುಪಡಿಯ ಮಾತು ನಡೆದಾಗ ಮಂಗಳೂರಿನ ಈ ಹೆಣ್ಣುಮಗಳನ್ನು ನಮ್ಮಲ್ಲಿ ಎಷ್ಟು ಜನ ನೆನೆದರು? 1938ರಲ್ಲಿ ರಾಧಾಬಾಯಿ ಕೇಂದ್ರದ ಕೌನ್ಸಿಲ್ ಆಫ್ ಸ್ಟೇಟ್‌ಗೆ ಆಯ್ಕೆಯಾದರು. ಆ ಮೇಲ್ಮನೆಯಲ್ಲಿ ಅವರೇ ಮೊದಲ ಮಹಿಳೆ. ನಿಮ್ಮ ಮಗಳ ಪುಸ್ತಕದಲ್ಲಿ ಈ ಹೆಸರು ಇಲ್ಲದಿದ್ದರೆ ಪೆನ್ನಿನಲ್ಲಿ ಬರೆದುಕೊಳ್ಳಲಿ.

ಸೇವೆಯಿಂದ ಹುದ್ದೆಗೆ ಹೋಗುವ ದಾರಿಯನ್ನು ಇನ್ನೂ ಚೆನ್ನಾಗಿ ತೋರಿಸುವವರು ದುರ್ಗಾಬಾಯಿ ದೇಶ್‌ಮುಖ್. 1909ರಲ್ಲಿ ರಾಜಮಹೇಂದ್ರಿಯಲ್ಲಿ ಹುಟ್ಟಿದರು. ಎಂಟನೇ ವಯಸ್ಸಿಗೆ ಮದುವೆ ಮಾಡಿಬಿಟ್ಟಿದ್ದರು. ದೊಡ್ಡವಳಾದ ಮೇಲೆ ಆ ಮದುವೆಯಿಂದ ಹೊರಬಂದರು. ಗಾಂಧೀಜಿ 1921ರಲ್ಲಿ ಕಾಕಿನಾಡಕ್ಕೆ ಬಂದಾಗ ಈ ಹನ್ನೆರಡರ ಹುಡುಗಿಗೆ ಒಂದು ಹಟ. ದೇವದಾಸಿಯರು, ಪರದೆಯಲ್ಲಿರುವ ಮುಸ್ಲಿಂ ಹೆಂಗಸರು ಗಾಂಧೀಜಿಯನ್ನು ಕಾಣಬೇಕು. ಐದು ಸಾವಿರ ರೂಪಾಯಿ ನಿಧಿ ಕೊಟ್ಟರೆ ಸಮಯ ಕೊಡುತ್ತೇವೆ ಎಂದರು ದೊಡ್ಡವರು. ಆ ದೇವದಾಸಿಯರ ನೆರವಿನಿಂದಲೇ ದುಡ್ಡು ಕೂಡಿಸಿದಳು. ಸಭೆಯೂ ನಡೆಯಿತು.

ಇನ್ನೊಂದು ಪ್ರಸಂಗ ತುಂಬ ಜನಕ್ಕೆ ಗೊತ್ತಿರುವಂಥದ್ದು, ಆದರೂ ಹೇಳದೆ ಇರಲಾರೆ. 1923ರ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ಖಾದಿ ಪ್ರದರ್ಶನದ ಬಾಗಿಲು ಕಾಯುವ ಕೆಲಸ ದುರ್ಗಾಬಾಯಿಗೆ. ನೆಹರೂ ಬಂದರು. ಟಿಕೆಟ್ ಇರಲಿಲ್ಲ. ಒಳಗೆ ಬಿಡುವುದಿಲ್ಲ ಅಂದಳು. ಸಂಘಟಕರು ಓಡಿಬಂದು ಗದರಿದರು, ಹುಡುಗಿ ಜಗ್ಗಲಿಲ್ಲ. ಕೊನೆಗೆ ಟಿಕೆಟ್ ತೆಗೆಸಿಕೊಟ್ಟ ಮೇಲೆಯೇ ಬಿಟ್ಟಳು. ಸುಮಾರು 30 ವರ್ಷದ ಮೇಲೆ ಅದೇ ನೆಹರೂ ದುರ್ಗಾಬಾಯಿಯವರನ್ನು ಯೋಜನಾ ಆಯೋಗಕ್ಕೆ ಕರೆದರು.

ನಡುವೆ ಏನಾಯಿತು ಅನ್ನುವುದು ಮುಖ್ಯ. ಉಪ್ಪಿನ ಸತ್ಯಾಗ್ರಹದಲ್ಲಿ ಜೈಲು. ಜೈಲಿನಲ್ಲಿ ಅಕ್ಷರ ಬಾರದ, ಕಾನೂನು ತಿಳಿಯದ ಹೆಂಗಸರನ್ನು ಹತ್ತಿರದಿಂದ ಕಂಡರು. ತಾನು ಓದಬೇಕು, ವಕೀಲಳಾಗಬೇಕು ಅನ್ನಿಸಿತು. ಹೊರಬಂದು ಮೆಟ್ರಿಕ್‌ನಿಂದ ಹಿಡಿದು ಕಾನೂನು ಪದವಿಯವರೆಗೆ ಓದಿದರು. ಬನಾರಸ್ ವಿಶ್ವವಿದ್ಯಾಲಯದ ಮೆಟ್ರಿಕ್ ಪರೀಕ್ಷೆಯನ್ನು ಹೊರಗಿನಿಂದ ಕಟ್ಟಬಹುದಿತ್ತು. ಮದ್ರಾಸಿನಲ್ಲಿ ಓದು ಬಿಟ್ಟ ಹೆಂಗಸರನ್ನು ಕೂಡಿಸಿ ಆ ಪರೀಕ್ಷೆಗೆ ಪಾಠ ಮಾಡಿದರು. 1937ರಲ್ಲಿ ಹುಟ್ಟಿದ ಆಂಧ್ರ ಮಹಿಳಾ ಸಭಾ ಹೀಗೆ ಬೆಳೆಯಿತು.

ಆಮೇಲೆ ಸಂವಿಧಾನ ಸಭೆ. ಅಲ್ಲಿ ಅಧ್ಯಕ್ಷರ ಪೀಠದಲ್ಲಿ ಕೂರುವ ಸರದಿಯ ಪಟ್ಟಿಯಲ್ಲಿದ್ದ ಒಬ್ಬರೇ ಮಹಿಳೆ ಇವರು. ರಾಜ್ಯಸಭೆಗೆ ನಿಲ್ಲಲು 35 ವರ್ಷ ಆಗಿರಬೇಕು ಎಂದಿತ್ತು, 30 ಸಾಕು ಎಂದು ತಿದ್ದಿಸಿದ್ದು ಇವರು. ಇಷ್ಟೆಲ್ಲ ಮಾಡಿ 1952ರ ಚುನಾವಣೆಯಲ್ಲಿ ಸೋತರು! ಮತದಾರರು ಯಾವಾಗಲೂ ಕೃತಜ್ಞರಾಗಿರುತ್ತಾರೆ ಎಂದುಕೊಂಡರೆ ನಿರಾಸೆ ಗ್ಯಾರಂಟಿ. ಯೋಜನಾ ಆಯೋಗದಿಂದ 1953ರಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಕಟ್ಟಿದರು, ಮೊದಲ ಅಧ್ಯಕ್ಷೆಯೂ ಆದರು. ಊರೂರಿನ ಸಣ್ಣ ಸೇವಾ ಸಂಸ್ಥೆಗಳಿಗೆ ಸರ್ಕಾರದ ದುಡ್ಡು ತಲುಪಿಸುವುದು ಅದರ ಕೆಲಸ. 1958ರಲ್ಲಿ ಆ ಮಂಡಳಿ ಒಂದು ಯೋಜನೆ ತಂದಿತು. ಓದು ಬಿಟ್ಟ ವಯಸ್ಕ ಹೆಂಗಸರಿಗೆ ಎರಡು ವರ್ಷದಲ್ಲಿ ಪರೀಕ್ಷೆ ಕಟ್ಟಿಸುವ ಸಂಕ್ಷಿಪ್ತ ತರಗತಿಗಳು. ಅಲ್ಲಿ ಓದಿದ ಹೆಂಗಸರು ಟೀಚರು, ನರ್ಸು, ಗ್ರಾಮಸೇವಿಕೆ ಆದರು. ಇದು ಮದ್ರಾಸಿನ ಆ ಬನಾರಸ್ ಮೆಟ್ರಿಕ್ ಕ್ಲಾಸೇ. ಮೊದಲು ಒಂದು ಮನೆಯ ಕೋಣೆಯಲ್ಲಿ ನಡೆದಿತ್ತು, ಈಗ ಇಡೀ ದೇಶದಲ್ಲಿ ನಡೆಯಿತು. ‘ಕುರ್ಚಿ ಯಾಕೆ?’ ಅನ್ನುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅಮೃತ್ ಕೌರ್ ಬಗ್ಗೆ ಚುಟುಕಾಗಿ. ಕಪುರ್ತಲಾ ರಾಜಮನೆತನ, ಹಲವು ವರ್ಷ ಗಾಂಧೀಜಿಯ ಕಾರ್ಯದರ್ಶಿ, ಆಮೇಲೆ ಹತ್ತು ವರ್ಷ ಆರೋಗ್ಯ ಮಂತ್ರಿ. ದೆಹಲಿಯ ಏಮ್ಸ್ ಕಾಯ್ದೆ 1956ರಲ್ಲಿ ಅವರ ಕಾಲದಲ್ಲೇ ಆಯಿತು. ಶಿಮ್ಲಾದಲ್ಲಿದ್ದ ತಮ್ಮ ಸ್ವಂತ ಮನೆಯನ್ನೂ ಏಮ್ಸ್‌ಗೆ ಕೊಟ್ಟರು, ಅಲ್ಲಿನ ಸಿಬ್ಬಂದಿ ಹೋಗಿ ನಾಲ್ಕು ದಿನ ಇದ್ದು ಸುಧಾರಿಸಿಕೊಳ್ಳಲಿ ಅಂತ.

ಹಾಗಂತ ನಿಮ್ಮ ಮಾವನವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಅವರ ಅನುಮಾನಕ್ಕೂ ಈ ಕತೆಗಳಲ್ಲಿ ಆಧಾರ ಇದೆ. ಕಮಲಾದೇವಿಯವರನ್ನೇ ನೋಡಿ. ಸ್ವಾತಂತ್ರ್ಯ ಬಂದ ಮೇಲೆ ಅವರು ಮಂತ್ರಿಯಾಗಲಿಲ್ಲ. ದೇಶ ವಿಭಜನೆಯಾಗಿ ಬಂದ ನಿರಾಶ್ರಿತರ ಜೊತೆ ಫರೀದಾಬಾದ್ ಕಟ್ಟುವ ಕೆಲಸಕ್ಕೆ ಹೋದರು. ಸಹಕಾರ ಸಂಘಗಳ ಮೂಲಕ ಜನರೇ ತಮ್ಮ ಊರು ಕಟ್ಟಿಕೊಳ್ಳಬೇಕು ಎನ್ನುವುದು ಅವರ ಹಂಬಲ. 1952ರಿಂದ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿ ನೇಕಾರರು, ಕುಂಬಾರರು, ಬುಟ್ಟಿ ಹೆಣೆಯುವವರ ಮನೆ ಬಾಗಿಲಿಗೆ ಹೋದರು. ಅಂದರೆ ಅವರಿಗೂ ಒಂದು ಕುರ್ಚಿ ಬೇಕಾಯಿತು, ಆದರೆ ಯಾವ ಕುರ್ಚಿ ಎನ್ನುವುದನ್ನು ಅವರೇ ಆರಿಸಿಕೊಂಡರು.

ನಮ್ಮ ರಾಜ್ಯದ ಯಶೋಧರಾ ದಾಸಪ್ಪ ಇನ್ನೊಂದು ಥರ. ಸ್ವಾತಂತ್ರ್ಯ ಹೋರಾಟ, ಗಾಂಧಿ ದಾರಿಯ ಸೇವೆ, ಅರಸೀಕೆರೆಯ ಕಸ್ತೂರ್ಬಾ ಗ್ರಾಮದ ಕೆಲಸ, ಆಮೇಲೆ ಮೈಸೂರು ರಾಜ್ಯದಲ್ಲಿ ಮಂತ್ರಿ. ನಿಜಲಿಂಗಪ್ಪನವರ ಸರ್ಕಾರ ಪಾನನಿರೋಧ ಸಡಿಲಿಸಲು ಹೊರಟಾಗ ಮಂತ್ರಿ ಪದವಿ ಬಿಟ್ಟು ಎದ್ದು ಬಂದರು. ಪಾನನಿರೋಧ ಸರಿಯೋ ತಪ್ಪೋ ಎಂದು ಇವತ್ತು ವಾದ ಮಾಡಬಹುದು, ಅದು ಬೇರೆ ಮಾತು. ಯಾವ ಕೆಲಸಕ್ಕೆ ಬಂದೆವೋ ಅದು ಇಲ್ಲಿ ಆಗುವುದಿಲ್ಲ ಅನ್ನಿಸಿದ ದಿನ ಎದ್ದುಬಿಟ್ಟರು. ಮುತ್ತುಲಕ್ಷ್ಮಿ ಮಾಡಿದ್ದೂ ಇದನ್ನೇ. ಮಾವನವರಿಗೆ ಈ ಎರಡು ರಾಜೀನಾಮೆಗಳ ಕತೆ ಹೇಳಿ ನೋಡಿ, ಖುಷಿಯಾಗಬಹುದು.

ಇನ್ನು ಭಾಷಣ. ಐದು ನಿಮಿಷದಲ್ಲಿ ಹತ್ತು ಹೆಸರು ಓದಿದರೆ ಯಾರೂ ಕೇಳುವುದಿಲ್ಲ. ಕ್ಲಾಸಿನಲ್ಲಿ ಇಂಥ ಪಟ್ಟಿಗಳನ್ನು ನಾನು ಎಷ್ಟೋ ವರ್ಷ ಕೇಳಿದ್ದೇನೆ, ಮೂರನೇ ಹೆಸರಿಗೆ ಹಿಂದಿನ ಬೆಂಚು ಆಕಳಿಸುತ್ತದೆ. ಒಬ್ಬರನ್ನೇ ಆರಿಸಿಕೊಳ್ಳಲಿ. ಹುಟ್ಟಿದ ದಿನಾಂಕದಿಂದ ಶುರು ಮಾಡಬೇಡ ಎನ್ನಿ. ಆ ತಾಯಿ, ಮಗಳು, ಎರಡು ಎಕರೆ ಗದ್ದೆಯಿಂದ ಶುರು ಮಾಡಲಿ. ‘ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಕ್ಲಾಸಿಗೇ ಕೇಳಿ ಎರಡು ಕ್ಷಣ ಸುಮ್ಮನಿರಲಿ. ಆಮೇಲೆ ಮುತ್ತುಲಕ್ಷ್ಮಿ ಪರಿಷತ್ತಿಗೆ ಹೋಗಿ ಏನು ತಿದ್ದಿದರು ಎಂದು ಹೇಳಲಿ. ನಾಗರತ್ನಮ್ಮನವರ ಮಾತಿಗೂ ಅರ್ಧ ನಿಮಿಷ ಇಡಲಿ, ಟೀಚರ್ ಅದನ್ನು ನಿರೀಕ್ಷಿಸಿರುವುದಿಲ್ಲ.

ಯಾರಾದರೂ ‘ಮೊದಲ ಶಾಸಕಿ ಯಾರು?’ ಎಂದು ಕೇಳಿದರೆ, ‘ಯಾವ ಸಭೆಗೆ?’ ಎಂದು ತಿರುಗಿ ಕೇಳಲಿ. ಕ್ವಿಜ್‌ನಲ್ಲಿ ಹಾಗೆ ಕೇಳಲು ಬಿಡುವುದಿಲ್ಲ, ಗೊತ್ತು. ಅಲ್ಲಿ ಮುತ್ತುಲಕ್ಷ್ಮಿ ರೆಡ್ಡಿ ಅಂತಲೇ ಬರೆಯಲಿ, ಅಂಕ ಸಿಗುತ್ತದೆ.